ಒಂದೂವರೆ ಮನೆ ಕೆಳಗೆ

ಜೂನ್ 2, ಸೋಮವಾರ

ಹದಿನೆಂಟು ಹಾಡುಗಳ ಪಟ್ಟಿ ಅಂತೂ ಮುಗಿಯಿತು. ಇಪ್ಪತ್ತೆರಡು ವರ್ಷ ರಂಗದ ಮೇಲೆ ಹಾಡಿದ್ದರಲ್ಲಿ ಆರಿಸಿದ್ದು, ಎಲ್ಲ ಸೇರಿ ಒಂದು ಆಲ್ಬಂ. ಬಿಟ್ಟ ಹಾಡುಗಳಿಗಾಗಿ ತುಂಬ ಸಂಕಟಪಟ್ಟೆ ಎಂದು ಬರೆಯಲು ಹೊರಟಿದ್ದೆ. ಯಾರೂ ಓದದ ಪುಸ್ತಕದಲ್ಲೂ ನಾಟಕ ಬೇಕೇ? ಸಂಕಟವೇನೂ ಆಗಲಿಲ್ಲ. ಬಿಟ್ಟವು ಬಿಡಬೇಕಾದವೇ.

‘ಸೇತುವೆ ಕಾಯುವವಳು’ ನಾಟಕದ ಕೊನೆಯ ಹಾಡು ಮಾತ್ರ ನಾಲ್ಕು ಸಲ ಬರುತ್ತದೆ. ನನ್ನ ಇಪ್ಪತ್ತನಾಲ್ಕರಲ್ಲಿ ಹಾಡಿದ್ದು, ಮೂವತ್ತಮೂರರಲ್ಲಿ ಹಾಡಿದ್ದು, ಹೋದ ವರ್ಷ ನಲವತ್ತೈದರಲ್ಲಿ ಹಾಡಿದ್ದು. ನಾಲ್ಕನೆಯದನ್ನು ಬರುವ ತಿಂಗಳು ಸ್ಟುಡಿಯೋದಲ್ಲಿ ಹೊಸದಾಗಿ ಹಾಡುತ್ತೇನೆ, ಪಿಯಾನೋ ಒಂದರ ಜೊತೆ. ನುಡಿಸುವವರು ನಮ್ಮ ತಂಡದ ಮೇಷ್ಟ್ರೇ. ಮೊದಲ ದಿನದಿಂದ ಇವತ್ತಿನವರೆಗೆ ನನಗೆ ಸ್ವರ ಹಿಡಿದುಕೊಟ್ಟವರು ಅವರೊಬ್ಬರೇ.

ಜೊತೆಗೆ ಕೊಡುವ ಪುಸ್ತಿಕೆಗೆ ಹೀಗೆ ಬರೆದೆ: “ನಮ್ಮ ತಂಡದಲ್ಲಿ ಶ್ರುತಿ ಇಳಿಸುವ ಪದ್ಧತಿಯಿಲ್ಲ. ಸಂಯೋಜಕರು ಐದೂವರೆ ಮನೆಯಲ್ಲಿ, ಅಂದರೆ ಪಿಯಾನೋದ ಅಷ್ಟು ಎತ್ತರದ ಕೀಲಿಯ ಶ್ರುತಿಯಲ್ಲಿ, ಬರೆದಿದ್ದರೆ ಐದೂವರೆಯಲ್ಲೇ ಹಾಡಬೇಕು. ಇಳಿಸಿ ಎಂದು ಕೇಳಿದವರು ಪಾತ್ರ ಬಿಟ್ಟುಕೊಡಬೇಕು. ನಾನು ಒಮ್ಮೆಯೂ ಕೇಳಿಲ್ಲ.” ಹೊದಿಕೆಯ ಮೇಲೆ ಹಾಕಲು ಒಂದು ಸಾಲು: “ಇಪ್ಪತ್ತೆರಡು ವರ್ಷ, ಒಂದೇ ಶ್ರುತಿ.”

ಇವರು ಅಂಗಡಿಯಿಂದ ಬಂದು ಓದಿದರು. “ಚೆನ್ನಾಗಿದೆ. ಆದ್ರೆ ಓದ್ತಾ ಓದ್ತಾ ನಾನೂ ಬೆನ್ನು ನೆಟ್ಟಗೆ ಮಾಡಿ ಕೂತೆ ನೋಡು,” ಎಂದರು. ಹೊಗಳಿದ್ದೋ ಕೆಣಕಿದ್ದೋ ಕೇಳಲಿಲ್ಲ.

ನಮ್ಮ ತಂಡದ ಹಿರಿಯ ನಟಿ ದೊಡ್ಡಕ್ಕನ ವಿಷಯ ಬರೆಯಲಿಲ್ಲ. ಸೇತುವೆ ಕಾಯುವವಳ ಪಾತ್ರ ನನಗಿಂತ ಮೊದಲು ಅವರದಾಗಿತ್ತು. ಒಂದು ತಾಲೀಮಿನಲ್ಲಿ ಎಲ್ಲರೆದುರು “ಅರ್ಧ ಮನೆ ಇಳಿಸ್ತೀರಾ?” ಎಂದು ಕೇಳಿದರು. ಮರುದಿನ ನಾನು ಅದೇ ಜಾಗದಲ್ಲಿ ನಿಂತು ಐದೂವರೆಯಲ್ಲಿ ಹಾಡಿದೆ. ಅವರು ಕೆಳಗೆ ಮೊದಲ ಸಾಲಿನಲ್ಲಿ ಕೂತು ಕೇಳುತ್ತಿದ್ದರು. ನಾನು ಬೇಕಿದ್ದಕ್ಕಿಂತ ಜೋರಾಗಿ ಹಾಡಿದೆನೇ? ಹಾಡಿದೆ ಎಂದೇ ನೆನಪು.

ಜೂನ್ 6, ಶುಕ್ರವಾರ

ಸ್ಟುಡಿಯೋದ ಧ್ವನಿ ಎಂಜಿನಿಯರಿಗೆ ಅಲ್ಲಿ ಎಲ್ಲರೂ ‘ಕಿವಿ’ ಎನ್ನುತ್ತಾರೆ. ಮೂವತ್ತೈದರ ಹೆಂಗಸು. ಮಾತು ಕಡಿಮೆ, ಆಡಿದರೆ ನೇರ. ರೇಡಿಯೋ ಜಾಹೀರಾತಿಗೆ ಅವಳಿಗೊಂದು ಯೋಚನೆ ಬಂದಿತ್ತು. ಮೊದಲ ಚರಣ ಇಪ್ಪತ್ತನಾಲ್ಕರ ನನ್ನಿಂದ, ಎರಡನೆಯದು ಮೂವತ್ತಮೂರರ ನನ್ನಿಂದ, ಮೂರನೆಯದು ನಲವತ್ತೈದರ ನನ್ನಿಂದ. ಮೂರನ್ನೂ ಅಂಟಿಸಿ ಒಂದೇ ಹಾಡು. ಶ್ರುತಿ ಒಂದೇ ಇದ್ದ ಮೇಲೆ ಕಷ್ಟವೇನು?

ಬೆಳಿಗ್ಗೆ ಹೋದಾಗ ಅವಳು ಎದ್ದು ಕುರ್ಚಿ ಕೊಟ್ಟಳು. ಅವಳು ಎಂದೂ ಏಳುವವಳಲ್ಲ.

“ಕೂತ್ಕೊಳ್ಳಿ ಮೇಡಂ. ಮೂರೂ ಅಂಟ್ತಾ ಇಲ್ಲ.”

ಕೇಳಿಸಿದಳು. ಮೊದಲ ಚರಣ ಮುಗಿದು ಎರಡನೆಯದು ಬರುವಾಗ ನೆಲ ಸ್ವಲ್ಪ ಕುಸಿದಂತಾಯಿತು. ಮೂರನೆಯದು ಬಂದಾಗ ಯಾರೋ ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಂತೆ.

“ಟೇಪು ನಿಧಾನ ಓಡಿರ್ಬೇಕು,” ಎಂದೆ.

“ಟೇಪು ನಿಧಾನ ಆದ್ರೆ ತಾಳವೂ ನಿಧಾನ ಆಗ್ಬೇಕಲ್ವಾ? ತಾಳ ಮೂರರಲ್ಲೂ ಒಂದೇ. ಮತ್ತೆ ಮೂರನೇದು ಟೇಪೇ ಅಲ್ಲ ಮೇಡಂ, ನಾನೇ ರೆಕಾರ್ಡ್ ಮಾಡಿದ್ದು.” ಪಕ್ಕದ ಪುಟ್ಟ ಕೀಬೋರ್ಡಿನ ಮೇಲೆ ಒತ್ತಿ ತೋರಿಸಿದಳು. “ಮೊದಲನೇದು ಐದೂವರೆ. ಎರಡನೇದು ಐದು. ಮೂರನೇದು ನಾಲ್ಕು.”

ನಾನೇ ಕೈ ಚಾಚಿ ಆ ಮೂರು ಮನೆಗಳನ್ನು ಮತ್ತೆ ಒತ್ತಿ ನೋಡಿದೆ.

“ಬೇಕಾದ್ರೆ ಎರಡನ್ನೂ ಮೇಲಕ್ಕೆ ಎತ್ತಿಬಿಡ್ತೀನಿ. ಅರ್ಧ ಗಂಟೆ ಕೆಲಸ. ಯಾರಿಗೂ ಗೊತ್ತಾಗಲ್ಲ.”

“ನನಗೆ ಗೊತ್ತಾಗುತ್ತಲ್ಲ,” ಎಂದೆ. ಹೇಳುವಾಗ ಬಹಳ ಘನತೆಯ ಮಾತೆನಿಸಿತು. ಮನೆಗೆ ಬರುವ ಬಸ್ಸಿನಲ್ಲಿ ಹೊಳೆಯಿತು: ಇಷ್ಟು ವರ್ಷ ಗೊತ್ತಾಗಿರಲೇ ಇಲ್ಲವಲ್ಲ.

ಜೂನ್ 7, ಶನಿವಾರ

ತಂಡದ ಪಿಟೀಲಿನವರಿಗೆ ಫೋನ್ ಮಾಡಿ ಶ್ರುತಿಯ ವಿಷಯ ಕೇಳಿದೆ. “ಅಯ್ಯೋ, ನಿಮಗೆ ಗೊತ್ತಿರ್ಲಿಲ್ವಾ?” ಎಂದರು. ಅವರ ಮನೆಯಲ್ಲಿ ಕುಕ್ಕರ್ ಕೂಗಿತು. ಅದೇ ನೆಪವಾಗಿ ಫೋನ್ ಇಟ್ಟರು.

ಅಂದರೆ ವೇದಿಕೆಯ ಕೆಳಗೆ ಕೂರುವ ಆರು ಜನ ವಾದ್ಯದವರಿಗೂ ಗೊತ್ತಿತ್ತು.

ಜೂನ್ 8, ಭಾನುವಾರ

ಮೇಷ್ಟ್ರ ಮನೆಗೆ ಹೋದೆ. ಒಂಟಿ ಮನುಷ್ಯ. ಅರವತ್ತೆಂಟಾದರೂ ಅಂಗಿಗೆ ತಾವೇ ಇಸ್ತ್ರಿ ಹಾಕುತ್ತಾರೆ. ಇವತ್ತೂ ಹಾಕುತ್ತಿದ್ದರು.

“ಬಾಮ್ಮ. ಮುಖ ಯಾಕೆ ಹಿಟ್ಟು ಬಳಿದ ಹಾಗಿದೆ?”

“ನನ್ನ ಶ್ರುತಿ ಎಷ್ಟು ಮೇಷ್ಟ್ರೇ?”

ಅವರು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟರು. ಕಾಲರನ್ನು ಕೈಯಿಂದ ಸರಿಮಾಡಿದರು. “ನಾಲ್ಕು,” ಎಂದರು. ಸಮಯ ಕೇಳಿದವರಿಗೆ ಹೇಳುವಂತೆ.

ಎಲ್ಲವನ್ನೂ ಹೇಳಿದರು. ಪ್ರತಿ ವರ್ಷ ಒಂದು ತಿಂಗಳು ತಂಡಕ್ಕೆ ರಜೆ. ತಿಂಗಳಾದ ಮೇಲೆ ಕಿವಿಗೆ ಹಳೆಯ ಶ್ರುತಿಯ ನೆನಪು ಸಡಿಲವಾಗಿರುತ್ತದಂತೆ. ವಾಪಸು ಬಂದ ಮೊದಲ ದಿನ ತಾಲೀಮಿಗೆ ಮುಂಚೆ ಅವರು ಹತ್ತು ನಿಮಿಷ ಏನೇನೋ ನುಡಿಸುತ್ತಿದ್ದರು. ಎಲ್ಲೆಲ್ಲೋ ಅಲೆದು, ನಡುನಡುವೆ ನನ್ನನ್ನು ನಗಿಸಿ, ಆಮೇಲೆ “ಹೂಂ, ಶುರು” ಎಂದು ಸ್ವರ ಕೊಡುತ್ತಿದ್ದರು. ಅದು ನನ್ನನ್ನು ಮತ್ತೆ ಕಂಡ ಖುಷಿಗೆ ಎಂದುಕೊಂಡಿದ್ದೆ. ಅದು ನನ್ನ ಕಿವಿ ಒರೆಸುವ ಕೆಲಸ. ನನ್ನ ಮೂವತ್ತೊಂದರಲ್ಲಿ ಒಮ್ಮೆ, ಮೂವತ್ತೆಂಟರಲ್ಲಿ ಒಮ್ಮೆ, ನಲವತ್ತೆರಡರಲ್ಲಿ ಒಮ್ಮೆ ಅರ್ಧರ್ಧ ಮನೆ ಇಳಿಸಿದ್ದಾರೆ. ಪಿಟೀಲಿನವರಿಗೂ ಉಳಿದವರಿಗೂ ಹೊಸ ಹಾಳೆ ಬರೆದು ಹಂಚಿದ್ದಾರೆ. ನನಗೆ ಹಾಳೆ ಬೇಕಿರಲಿಲ್ಲ, ಬಾಯಿಪಾಠವಿತ್ತು.

ರಜೆ ಮುಗಿಸಿ ಬಂದಾಗಲೆಲ್ಲ “ವಿಶ್ರಾಂತಿ ಸಿಕ್ಕಿದ್ದಕ್ಕೆ ಗಂಟಲು ಎಷ್ಟು ಹಗುರ ನೋಡಿ!” ಎನ್ನುತ್ತಿದ್ದೆ. ಆರು ಜನ ತಲೆಯಾಡಿಸುತ್ತಿದ್ದರು.

“ನನ್ನ ದೇಹದ ಸಂಗತಿ ನನಗೆ ಮೊದಲು ಗೊತ್ತಾಗಬೇಕಿತ್ತು,” ಎಂದೆ. “ನೀವು ಮಾಡಿದ್ದು ದಯೆ ಅಲ್ಲ ಮೇಷ್ಟ್ರೇ. ಮನುಷ್ಯರಿಗೆ ಅವರ ವಿಷಯದಲ್ಲೇ ಸುಳ್ಳು ಹೇಳೋದು ದಯೆ ಅಲ್ಲ.”

“ನಿನಗೆ ಗೊತ್ತಾಗಿದ್ರೆ ನೀನು ಕೇಳ್ತಿದ್ದೆ. ಕೇಳಿದ್ರೆ ಪಾತ್ರ ಹೋಗ್ತಿತ್ತು. ದೊಡ್ಡಕ್ಕ ಕೇಳಿದ್ದಕ್ಕೆ ಏನಾಯ್ತು ಅಂತ ನಿನಗೆ ನಾನು ಹೇಳ್ಬೇಕಾ?”

“ನಾನು ಕೇಳ್ತಿರಲಿಲ್ಲ. ಹಾಡ್ತಿದ್ದೆ.”

“ಹಾಡ್ತಿದ್ದೆ. ಎರಡು ವರ್ಷ ಹಾಡ್ತಿದ್ದೆ. ಆಮೇಲೆ ಗಂಟಲು ಹರಕೊಂಡು ಮನೇಲಿ ಕೂರ್ತಿದ್ದೆ.”

ಚಹಾ ಕುಡಿದು ಹೋಗು ಎಂದರು. ಕುಡಿಯಲಿಲ್ಲ.

ಜೂನ್ 9, ಸೋಮವಾರ

ನಿರ್ದೇಶಕರಿಗೆ ಹೇಳಿದೆ.

ಯಾಕೆ ಹೇಳಿದೆ ಎಂದು ಸರಿಯಾಗಿ ಬರೆದಿಡಬೇಕು, ಇಲ್ಲದಿದ್ದರೆ ಮುಂದೆ ಬೇರೆ ಕಾರಣ ಕಟ್ಟಿಕೊಳ್ಳುತ್ತೇನೆ. ಬರುವ ಋತುವಿನಲ್ಲಿ ‘ಸೇತುವೆ ಕಾಯುವವಳು’ ಮತ್ತೆ ರಂಗಕ್ಕೆ ಬರುತ್ತದೆ, ಪಾತ್ರ ನನ್ನದೆಂದು ಪ್ರಕಟವಾಗಿದೆ. ನಿಯಮ ಮುರಿದು ಉಳಿದ ಪಾತ್ರವನ್ನು ಗೊತ್ತಿದ್ದೂ ಇಟ್ಟುಕೊಳ್ಳುವುದು ಪ್ರಾಮಾಣಿಕವಲ್ಲ. ಅದಕ್ಕೇ ಹೇಳಿದೆ. ಇದು ನಿಜ. ಮೇಷ್ಟ್ರಿಗೂ ಒಮ್ಮೆ ಎಲ್ಲರೆದುರು ನಾಚಿಕೆಯಾಗಲಿ ಎಂದೂ ಇತ್ತು. ಇದೂ ನಿಜ. ಯಾವುದು ಎಷ್ಟು ಪಾಲು ಎಂದು ಗೊತ್ತಿಲ್ಲ.

ನಿರ್ದೇಶಕರಿಗೆ ಬೆಳಕು, ಬಣ್ಣ, ನಡಿಗೆ ಎಲ್ಲ ಕಾಣುತ್ತದೆ, ಶ್ರುತಿ ಕೇಳಿಸುವುದಿಲ್ಲ. ತಮ್ಮ ನಾಟಕದಲ್ಲಿ ಹದಿನೈದು ವರ್ಷ ಹೀಗೆ ನಡೆದಿದೆ ಎಂದು ಕೇಳಿ ಅವರ ಕಿವಿ ಕೆಂಪಗಾಯಿತು.

“ನಿಮ್ಮ ತಪ್ಪಲ್ಲ ಬಿಡಿ. ನಿಮಗೆ ಗೊತ್ತಿರಲಿಲ್ಲ. ಜೂನ್ ಮೂವತ್ತಕ್ಕೆ ಎಲ್ಲರೆದುರು ಐದೂವರೆಯಲ್ಲಿ ಹಾಡಿ ತೋರಿಸಿ, ಪಾತ್ರ ನಿಮ್ಮದೇ.”

“ಮೇಷ್ಟ್ರು?”

“ಅದು ನನಗೆ ಬಿಡಿ.”

ಬಿಟ್ಟೆ.

ಜೂನ್ 11, ಬುಧವಾರ

ಮೇಷ್ಟ್ರನ್ನು ತಂಡದಿಂದ ತೆಗೆದಿದ್ದಾರೆ. ‘ವಯಸ್ಸಿನ ಕಾರಣ ವಿಶ್ರಾಂತಿ’ ಎಂದು ಸೂಚನಾ ಫಲಕದಲ್ಲಿ ಹಾಕಿದ್ದಾರೆ. ಪಿಟೀಲಿನವರು ಎದುರಿಗೆ ಬಂದವರು ನನ್ನನ್ನು ಕಂಡು ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದರು. ಅವರದು ದಾರವಿಲ್ಲದ ಬೂಟು.

ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಜೂನ್ 15, ಭಾನುವಾರ

ದಿನಕ್ಕೆ ಮೂರು ಗಂಟೆ ಅಭ್ಯಾಸ. ಹೊಸ ಪಿಯಾನೋದವರು ಐದೂವರೆ ಎಂದರೆ ಐದೂವರೆ, ಗಡಿಯಾರದ ಹಾಗೆ. ಹಾಡಿನ ಕೊನೆಯಲ್ಲಿ, ಹಡಗಿಗೆ ದಾರಿ ಬಿಡಲು ಕಾವಲುಗಾರ್ತಿ ಸೇತುವೆ ಎತ್ತುವಾಗ, ಒಂದು ತುದಿಸ್ವರ ಬರುತ್ತದೆ, ಅದನ್ನು ಎಂಟು ಎಣಿಕೆ ಹಿಡಿಯಬೇಕು. ಮುಟ್ಟುತ್ತೇನೆ. ಹಿಡಿಯಲಾಗುತ್ತಿಲ್ಲ. ಬಾಗಿಲ ಚಿಲಕಕ್ಕೆ ತುದಿಗಾಲಲ್ಲಿ ನಿಂತ ಮಗುವಿನ ಹಾಗೆ.

ಊಟಕ್ಕೆ ಕೂತಾಗ ಇವರು ಅಂಗಡಿಯ ಕಥೆ ಹೇಳಿದರು. ಇವರದು ಕನ್ನಡಕದ ಅಂಗಡಿ. “ಇವತ್ತೊಬ್ಬರು ಬಂದಿದ್ರು. ನಿಮಗೆ ಓದೋ ಕನ್ನಡಕ ಬೇಕು ಸಾರ್ ಅಂದೆ. ಇಲ್ಲ, ನಿಮ್ಮ ಅಂಗಡಿ ದೀಪ ಸರಿ ಇಲ್ಲ ಅಂದ್ರು.”

“ನೀವು ಏನ್ ಹೇಳಿದ್ರಿ?”

“ದೀಪ ಬದಲಾಯಿಸ್ತೀನಿ, ನಾಳೆ ಬನ್ನಿ ಅಂದೆ. ನಾಳೆ ಬಂದಾಗ ಅವರೇ ಕೇಳ್ತಾರೆ. ಒಂದು ದಿನ ಬೇಕಾಗುತ್ತೆ ಮನುಷ್ಯರಿಗೆ.”

“ನನಗೆ ಹೇಳ್ತಿದ್ದೀರಾ?”

“ಇಲ್ಲಪ್ಪ. ಅನ್ನ ಹಾಕು ಅಂತಿದ್ದೀನಿ.”

ಎದ್ದು ಹೋದೆ. ಹೋಗಬಾರದಿತ್ತು. ಅವರು ನಿಜವಾಗಿಯೂ ಬರೀ ಕಥೆ ಹೇಳಿರಬಹುದು.

ಜೂನ್ 19, ಗುರುವಾರ

ಹಿಡಿದೆ! ಎಂಟು ಎಣಿಕೆ, ಐದೂವರೆಯಲ್ಲಿ.

ಜೂನ್ 20, ಶುಕ್ರವಾರ

ನಿನ್ನೆಯದನ್ನು ಹೊಸ ಪಿಯಾನೋದವರು ಫೋನಿನಲ್ಲಿ ಹಿಡಿದಿದ್ದರು. ಕೇಳಿದೆ. ಸ್ವರ ಸರಿಯಾಗಿದೆ. ಆದರೆ ಅದು ಹಾಡಲ್ಲ. ದೂರದ ಬಸ್ಸನ್ನು ನಿಲ್ಲಿಸಲು ಕೂಗುತ್ತಿರುವ ಹೆಂಗಸು.

ಆಮೇಲೆ ಹೋದ ವರ್ಷದ್ದನ್ನು, ನಾಲ್ಕು ಮನೆಯದನ್ನು, ಹಾಕಿ ಕೇಳಿದೆ. ಮೊದಲ ಸಲ ಅದರಲ್ಲಿ ತಪ್ಪು ಹುಡುಕದೆ ಕೇಳಿದೆ. ಆ ಕಾವಲುಗಾರ್ತಿ ಇಡೀ ಜೀವನ ಸೇತುವೆ ಎತ್ತಿ ಇಳಿಸಿ ಸವೆದವಳು ಎಂಬುದು ಮಾತಿಲ್ಲದೆ ತಿಳಿಯುತ್ತದೆ. ಇಪ್ಪತ್ತನಾಲ್ಕರದ್ದರಲ್ಲಿ ಅವಳು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವಳಂತಿದ್ದಾಳೆ.

ಇದನ್ನು ನಾನು ಸಮಾಧಾನಕ್ಕೆ ಅಂದುಕೊಳ್ಳುತ್ತಿದ್ದೇನೆಯೇ? ಇರಬಹುದು. ಮತ್ತೆ ಕೇಳಿದೆ. ಮತ್ತೆ ಹಾಗೆಯೇ ಅನಿಸಿತು.

ಜೂನ್ 24, ಮಂಗಳವಾರ

ಗಂಟಲು ಕಟ್ಟಿದೆ. ಮೂರು ದಿನ ಪಿಸುಮಾತೂ ಆಡಕೂಡದು ಎಂದು ವೈದ್ಯರು ಹೇಳಿದ್ದಾರೆ. ಚೀಟಿಯಲ್ಲಿ ಬರೆದು ತೋರಿಸುತ್ತೇನೆ. ‘ಉಪ್ಪು ಕಡಿಮೆ’ ಎಂದು ಬರೆದರೆ ಇವರು ಅದಕ್ಕೆ ಸಹಿ ಹಾಕಿ ವಾಪಸು ಕೊಡುತ್ತಾರೆ.

ಮಾತಿಲ್ಲದ ದಿನ ಬಹಳ ಉದ್ದ. ದೊಡ್ಡಕ್ಕನದೇ ಯೋಚನೆ. ಅವರಿಗೂ ಮೇಷ್ಟ್ರು ಗುಟ್ಟಾಗಿ ಇಳಿಸಬಹುದಿತ್ತು. ಯಾಕೆ ಇಳಿಸಲಿಲ್ಲ? ಇಳಿಸಬಹುದೆಂದು ಆಗ ಹೊಳೆದಿರಲಿಲ್ಲವೇನೋ. ಅವರು ಮೊದಲ ಸಾಲಿನಲ್ಲಿ ಕೂತು ನನ್ನ ಹಾಡು ಕೇಳುತ್ತಿದ್ದಾಗ ಪಿಯಾನೋ ಹಿಂದೆ ಮೇಷ್ಟ್ರೂ ಅವರನ್ನು ನೋಡುತ್ತಿದ್ದರಲ್ಲವೇ. ಹೊಳೆದದ್ದು ಅವತ್ತೇ ಇರಬೇಕು.

ಜೂನ್ 30, ಸೋಮವಾರ

ತಾಲೀಮು ಕೋಣೆ. ನಿರ್ದೇಶಕರು, ಆರು ವಾದ್ಯದವರು, ಹೊಸ ಪಿಯಾನೋದವರು, ತಂಡದ ಹುಡುಗಿಯರೆಲ್ಲ. ಕಿಟಕಿಯ ಪಕ್ಕ ಇಪ್ಪತ್ತೆಂಟರ ಹುಡುಗಿಯೊಬ್ಬಳು ನೀರಿನ ಬಾಟಲಿಯನ್ನು ಎದೆಗೊತ್ತಿಕೊಂಡು ನಿಂತಿದ್ದಳು. ನಾನು ಹಾಡಲಾಗದಿದ್ದರೆ ಪಾತ್ರ ಅವಳಿಗೆ.

“ಶುರು ಮಾಡೋಣ್ವಾ?” ಎಂದರು ನಿರ್ದೇಶಕರು.

“ನಾಲ್ಕಕ್ಕೆ ಇಳಿಸ್ತೀರಾ?” ಎಂದೆ.

ಹೊಸ ಪಿಯಾನೋದವರು ಮನೆಗಳ ಮೇಲಿಂದ ಕೈ ತೆಗೆದರು.

“ಒಂದ್ಸಲ ಪ್ರಯತ್ನನಾದ್ರೂ ಮಾಡಿ,” ಎಂದರು ನಿರ್ದೇಶಕರು, ಬಹಳ ಮೆತ್ತಗೆ. ಅವರು ಕೆಟ್ಟವರಲ್ಲ.

“ಮಾಡಿದ್ದೀನಿ. ಕೂಗಬಲ್ಲೆ. ಹಾಡಬೇಕಾದ್ರೆ ನಾಲ್ಕು.”

ಅವರು ನಿಯಮ ಹೇಳಿದರು. ನನಗೆ ಗೊತ್ತಿದ್ದದ್ದೇ. ಚೀಲ ತೆಗೆದುಕೊಂಡು ಹೊರಟಾಗ ಪಿಟೀಲಿನವರು ಎದ್ದು ನಿಂತರು. ಅವರ ಮಡಿಲಿನಿಂದ ಕಮಾನು ಜಾರಿ ಬಿತ್ತು, ಬಗ್ಗಿ ಎತ್ತಿಕೊಳ್ಳಲಿಲ್ಲ.

ಬೀದಿಯಲ್ಲಿ ಅಳು ಬರುತ್ತದೆಂದು ಕಾದೆ. ಹಸಿವಾಯಿತು.

ಜುಲೈ 3, ಗುರುವಾರ

ಕಿವಿಗೆ ಹೇಳಿ ಹೊದಿಕೆಯ ಸಾಲು ತೆಗೆಸಿದೆ. ಪುಸ್ತಿಕೆಯ ಟಿಪ್ಪಣಿಯನ್ನೂ ತೆಗೆಸಿದೆ. ಪ್ರತಿ ಹಾಡಿನ ಕೆಳಗೆ ವರ್ಷ, ನನ್ನ ವಯಸ್ಸು, ಶ್ರುತಿ ಮೂರೂ ಅಚ್ಚಾಗಬೇಕು. ಶ್ರುತಿ ಇಳಿಸಿದವರು ಯಾರು ಎಂದೂ.

“ಇಷ್ಟೆಲ್ಲ ಯಾರು ಓದ್ತಾರೆ ಮೇಡಂ?”

“ಓದದಿದ್ರೂ ಇರ್ಲಿ. ಈ ಪುಸ್ತಿಕೆಯಲ್ಲಿ ಇನ್ನು ಒಂದು ಸುಳ್ಳೂ ಇರಕೂಡದು.”

“ಹೊಸದಾಗಿ ಹಾಡೋದಕ್ಕೆ ಪಿಯಾನೋ ಯಾರು?”

ಅಲ್ಲಿಂದ ನೇರ ಮೇಷ್ಟ್ರ ಮನೆಗೆ ಹೋದೆ. ಬಾಗಿಲು ತೆರೆದವರು ದಾರಿ ಬಿಡಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಗಡ್ಡ ಬೋಳಿಸಿರಲಿಲ್ಲ. ಅಂಗಿಗೆ ಇಸ್ತ್ರಿ ಇರಲಿಲ್ಲ.

“ತಪ್ಪಾಯ್ತು ಮೇಷ್ಟ್ರೇ.”

“ಯಾವುದು? ಹೇಳಿದ್ದಾ?”

“ಹೇಳಿದ್ದು ತಪ್ಪೋ ಅಲ್ವೋ ಗೊತ್ತಿಲ್ಲ. ನಿರ್ದೇಶಕರಿಗೆ ಹೇಳಿದ್ದು ತಪ್ಪು.”

ಅವರು ಯೋಚಿಸಿದರು. “ಪಾತ್ರ ಬಿಟ್ಟೆಯಂತೆ.”

“ಇಳಿಸಿ ಅಂತ ಕೇಳಿದೆ. ಹೋಯ್ತು.”

“ನಾನು ಹದಿನೈದು ವರ್ಷ ಒದ್ದಾಡಿ ಉಳಿಸಿದ್ದನ್ನ ಒಂದು ಮಾತಲ್ಲಿ ಕಳೆದುಬಿಟ್ಟೆಯಲ್ಲೇ ತಾಯಿ.” ಬೈಯುತ್ತಲೇ ಬಾಗಿಲಿಂದ ಸರಿದರು. ಚಹಾ ಮಾಡಿದರು, ಸಕ್ಕರೆ ಮರೆತರು. ಬುಧವಾರ ಸ್ಟುಡಿಯೋಕ್ಕೆ ಬರುತ್ತಾರೆ. ಕ್ಷಮಿಸಿದರೇ? ಕೇಳಲಿಲ್ಲ, ಅವರೂ ಹೇಳಲಿಲ್ಲ.

ಜುಲೈ 9, ಬುಧವಾರ

ಹಾಡು ಮುಗಿಯಿತು.

ಮೇಷ್ಟ್ರು ಗರಿಗರಿ ಅಂಗಿ ಹಾಕಿಕೊಂಡು ಬಂದರು. ಪಿಯಾನೋ ಮುಂದೆ ಕೂತು, “ಎಷ್ಟಮ್ಮ?” ಎಂದರು. ಅವರು ನನ್ನನ್ನು ಹಾಗೆ ಕೇಳಿದ್ದು ಇದೇ ಮೊದಲು. “ನಾಲ್ಕು” ಎಂದೆ.

ಎರಡನೆಯ ಚರಣದ ನಂತರ ಪಿಯಾನೋಗೆ ಮಾತ್ರ ಒಂದು ಓಟವಿದೆ, ಸೇತುವೆಯ ಕೆಳಗೆ ನೀರು ಹರಿದ ಹಾಗೆ. ಅಲ್ಲಿ ಅವರ ಎಡಗೈ ತಡವರಿಸಿತು. “ಈ ಸ್ಟೂಲು ಎತ್ತರ,” ಎಂದರು. ಸ್ಟೂಲು ಇಳಿಸಿದರು. ಮತ್ತೆ ಅಲ್ಲೇ. “ಇಲ್ಲಿನ ಮನೆಗಳು ಗಟ್ಟಿ. ನಮ್ಮ ಪಿಯಾನೋ ಹಾಗಲ್ಲ.” ಮೂರನೆಯ ಸಲ ನಿಂತಾಗ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು. ಉಂಗುರ ಬೆರಳು ನಡುಗುತ್ತಿತ್ತು. ಕೆಲಸವಿಲ್ಲದೆ ತಿಂಗಳು ಕೂತದ್ದಕ್ಕೋ, ಮೊದಲಿನಿಂದಲೂ ಇತ್ತೋ, ನಾನು ಗಮನಿಸಿರಲಿಲ್ಲ.

“ಮೇಷ್ಟ್ರೇ, ನನಗೆ ಉಸಿರು ಸಾಲ್ತಾ ಇಲ್ಲ,” ಎಂದೆ. “ಸ್ವಲ್ಪ ನಿಧಾನವಾಗಿ ಹೋಗೋಣ್ವಾ?”

ಅವರು ನನ್ನ ಮುಖ ನೋಡಿದರು. ಆಮೇಲೆ, “ಅದಕ್ಕೇ ಹೇಳೋದು ಬೆಳಿಗ್ಗೆ ಎದ್ದು ನಾಲ್ಕು ಹೆಜ್ಜೆ ನಡಿ ಅಂತ. ವಯಸ್ಸಾಯ್ತು ಕಣೇ ನಿನಗೆ,” ಎಂದರು.

“ಆಯ್ತು ಮೇಷ್ಟ್ರೇ.”

ನಿಧಾನದಲ್ಲಿ ನೀರು ಸರಾಗ ಹರಿಯಿತು. ತುದಿಸ್ವರ ಹಿಡಿದು ಮುಗಿಸುವಷ್ಟರಲ್ಲಿ ನನ್ನ ಕಣ್ಣ ಮುಂದೆ ಚುಕ್ಕೆಗಳು ಕಂಡವು. ಆದರೂ ಹಿಡಿದೆ. ಮೇಷ್ಟ್ರು ಗುನುಗುತ್ತಾ ಕೈ ತೊಳೆಯಲು ಹೋದರು.

ಕಿವಿ ಗಾಜಿನ ಕೋಣೆಯಿಂದ ಹೊರಗೆ ಬಂದಳು. “ನಿಧಾನ ಮಾಡಿದ್ರೆ ಉಸಿರು ಇನ್ನೂ ಜಾಸ್ತಿ ಬೇಕಲ್ವಾ ಮೇಡಂ?”

“ಅವರು ಬರೋದ್ರೊಳಗೆ ಪುಸ್ತಿಕೆ ಮುಗಿಸೋಣ,” ಎಂದೆ.

ಅವಳು ಅಚ್ಚಿಗೆ ಹೋಗುವ ಹಾಳೆ ತೆರೆದಳು. ಈ ಹಾಡಿನ ಹಳೆಯ ಮೂರರ ಕೆಳಗೂ ಎಲ್ಲ ಸರಿಯಾಗಿತ್ತು. ನಾಲ್ಕನೆಯದರ ಕೆಳಗೆ ವರ್ಷ, ವಯಸ್ಸು, ನಾಲ್ಕು ಮನೆ ಎಂದಿತ್ತು.

“ಉಳಿದ ಮೂರಕ್ಕಿಂತ ಇದು ತುಂಬಾ ನಿಧಾನ. ಯಾಕೆ ಅಂತ ಒಂದು ಸಾಲು ಬೇಡ್ವಾ?”

“ಬೇಕು. ಬರ್ಕೋ. ಗಾಯಕಿಗೆ ಉಸಿರಿನ ತೊಂದರೆ ಇದ್ದುದರಿಂದ, ಆಕೆಯ ಕೋರಿಕೆಯ ಮೇರೆಗೆ.”

ಅವಳು ಬರೆದಳು. ನಾನು ಓದಿ ನೋಡಿ, ಕೆಳಗೆ ಸಹಿ ಮಾಡಿದೆ.